ನಾಕೆಯ ಆಚೆ, ಈಚೆ

ಹುಣಸಗಿಯನ್ನು ದಾಟಿ ತಾಳಿಕೋಟೆಯ ಕಡೆಗೆ ಹೋಗುವ ಬಸ್ಸಿನಲ್ಲಿ ಕುಳಿತವರಿಗೆ ತಾವು ಒಂದು ಗಡಿಯನ್ನು ದಾಟಿದೆವೆಂದು ಇಂದು ಅನಿಸುವುದಿಲ್ಲ. ಯಾದಗಿರಿ ಜಿಲ್ಲೆ ಮುಗಿದು ವಿಜಯಪುರ ಜಿಲ್ಲೆ ಮೊದಲಾಯಿತೆಂದು ಹೇಳುವ ಒಂದು ಫಲಕವುಂಟು, ಅಷ್ಟೇ. ಎರಡೂ ಕಡೆಗೆ ಅದೇ ಎರೆಹೊಲ, ಅದೇ ಬಿಳಿಜೋಳ, ಅದೇ ಮಾತು. ಈ ಕಡೆಯ ಹೆಣ್ಣು ಆ ಕಡೆಗೆ ಸೊಸೆಯಾಗಿ ಹೋಗುವುದು, ಆ ಕಡೆಯ ಎತ್ತು ಈ ಕಡೆಯ ಸಂತೆಗೆ ಬರುವುದು ತಲೆಮಾರುಗಳಿಂದ ನಡೆದುಬಂದದ್ದು. ಆದರೆ 1948ರ ಸೆಪ್ಟೆಂಬರಿನವರೆಗೆ ಈ ಹೊಲಗಳ ನಡುವೆ ಎರಡು ಸರಕಾರಗಳ ಗಡಿ ಇತ್ತು. ಆ ಕಡೆ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆ. ಈ ಕಡೆ ನಿಜಾಮರ ಹೈದರಾಬಾದ್ ಸಂಸ್ಥಾನದ ಗುಲಬರ್ಗಾ ಜಿಲ್ಲೆ. ಯಾದಗಿರಿ, ಶಹಾಪುರ, ಸುರಪುರ ಮೂರೂ ಆ ಜಿಲ್ಲೆಯ ತಾಲೂಕುಗಳು.

ಗಡಿಯ ಕಾವಲು, ಅಕ್ರಮವಾಗಿ ಒಳಬರುವವರು, ದೇಶದೊಳಗಿನ ಭಯೋತ್ಪಾದನೆ - ಈ ಮೂರು ಮಾತುಗಳು ಈಗ ದಿನವೂ ಒಂದೇ ಉಸಿರಿನಲ್ಲಿ ಕಿವಿಗೆ ಬೀಳುತ್ತವೆ. ಇವನ್ನು ಕುರಿತು ವಾದ ಮಾಡುವವರಲ್ಲಿ ಹೆಚ್ಚಿನವರು ಗಡಿಯನ್ನು ಕಂಡವರಲ್ಲ. ನಮ್ಮ ಈ ಮೂರು ತಾಲೂಕುಗಳ ಹಿರಿಯರು ಕಂಡಿದ್ದರು. ಅವರ ಅನುಭವವನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ನೋಡಬೇಕೆಂದು ನನ್ನ ಉದ್ದೇಶ.

ಸುರಪುರದ ಜನಕ್ಕೆ ಗಡಿ ಎಂಬುದು ಮೇಲಿನಿಂದ ಬಂದು ಬೀಳುವ ವಸ್ತು. 1858ರ ಫೆಬ್ರವರಿಯಲ್ಲಿ ರಾಜಾ ವೆಂಕಟಪ್ಪ ನಾಯಕನ ದಂಗೆಯನ್ನು ಇಂಗ್ಲಿಷರು ಅಡಗಿಸಿದರು. ಆ ಸಂಸ್ಥಾನವನ್ನು ಹಿಂದೆ ಹತ್ತು ವರ್ಷಕ್ಕೂ ಮಿಕ್ಕಿ ನೋಡಿಕೊಂಡಿದ್ದ ಮೆಡೋಸ್ ಟೇಲರನ ಬಂಗಲೆ ಊರ ಪಕ್ಕದ ಗುಡ್ಡದ ಮೇಲೆ ಈಗಲೂ ನಿಂತಿದೆ. ಎರಡು ವರ್ಷಗಳ ತರುವಾಯ, 1860ರ ಒಪ್ಪಂದದಲ್ಲಿ, ದಂಗೆಯ ಕಾಲಕ್ಕೆ ತಮ್ಮ ಪಕ್ಷದಲ್ಲಿ ನಿಂತ ನಿಜಾಮರಿಗೆ ಇಂಗ್ಲಿಷರು ಸುರಪುರವನ್ನು ಬಿಟ್ಟುಕೊಟ್ಟರು. ಊರಿನವರನ್ನು ಯಾರೂ ಕೇಳಲಿಲ್ಲ. ನಿನ್ನೆ ನೆರೆಯಾಗಿದ್ದ ಊರು ಇಂದು ಪರರಾಜ್ಯವಾಯಿತು.

ಆ ಗಡಿಯ ಮೇಲಿದ್ದದ್ದು ಕರೋಡಗಿರಿ ನಾಕೆ. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ಸುಂಕದ ಇಲಾಖೆ, ತನ್ನದೇ ಅಂಚೆ, ತನ್ನದೇ ನಾಣ್ಯ ಇದ್ದವು. ಆರು ಕಲ್ದಾರ್ ರೂಪಾಯಿಗೆ ಏಳು ಹಾಲಿ ರೂಪಾಯಿ ಎಂಬ ಲೆಕ್ಕ ಗಡಿಯ ಹಳ್ಳಿಗಳಲ್ಲಿ ಶಾಲೆಗೆ ಹೋಗದ ಮಕ್ಕಳಿಗೂ ಬಾಯಿಪಾಠ. ನಾಕೇದಾರನು ಗಂಟು ಬಿಚ್ಚಿ ನೋಡುತ್ತಿದ್ದುದು ಬಟ್ಟೆ, ಬೆಲ್ಲ, ಸೀಮೆಎಣ್ಣೆಗಳನ್ನು, ಮನುಷ್ಯನನ್ನಲ್ಲ. ಮನುಷ್ಯ ಯಾರು, ಎಲ್ಲಿಯವನು ಎಂಬುದು ಅವನಿಗೆ ಬೇಕಾಗಿರಲಿಲ್ಲ. ಅದು ಬೇಕಾದ ಕಾಲ 1947ರಲ್ಲಿ ಬಂತು.

ಆ ವರ್ಷದ ಆಗಸ್ಟಿನಲ್ಲಿ ದೇಶ ಸ್ವತಂತ್ರವಾದಾಗ ನಿಜಾಮ ಮೀರ್ ಉಸ್ಮಾನ್ ಅಲಿಖಾನರು ಭಾರತವನ್ನು ಸೇರಲಿಲ್ಲ. ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಅದರ ಮಸಿ ಆರುವ ಮೊದಲೇ ಹೈದರಾಬಾದ್ ಸರಕಾರವು ಭಾರತದ ನಾಣ್ಯಕ್ಕೆ ತನ್ನ ಸೀಮೆಯಲ್ಲಿ ತಡೆ ಹಾಕಿತು, ಬೆಳ್ಳಿಬಂಗಾರ ಹೊರಗೆ ಹೋಗದಂತೆ ಮಾಡಿತು, ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ ಕೊಟ್ಟಿತು. ಭಾರತದ ಕಡೆಯಿಂದಲೂ ಸಾಮಾನಿನ ಸಾಗಾಟ ಬಿಗಿಯಾಯಿತು. ಹೀಗೆ ಎರಡೂ ಕಡೆಯಿಂದ ನಾಕೆಗಳು ಬಿಗಿಯಾದುವು. ಆದರೆ ಸಂಸ್ಥಾನಕ್ಕೆ ಬಂದೂಕುಗಳು ಬಂದದ್ದು ಯಾವ ನಾಕೆಯಿಂದ? ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವೈಮಾನಿಕನು ಕರಾಚಿಯಿಂದ ರಾತ್ರಿಯ ಹೊತ್ತು ವಿಮಾನ ಹಾರಿಸಿಕೊಂಡು ಬಂದು ಬೀದರ, ವಾರಂಗಲ್ಲುಗಳಲ್ಲಿ ಇಳಿಸಿ ಹೋಗುತ್ತಿದ್ದನು. ಕೆಳಗೆ ತಾಳಿಕೋಟೆಯ ಹಾದಿಯಲ್ಲಿ ಮುದುಕಿಯ ಬುಟ್ಟಿಯೊಳಗೆ ಸೀಮೆಎಣ್ಣೆಯ ಸೀಸೆಯುಂಟೋ ಎಂದು ನೋಡುತ್ತಿರುವಾಗ ಮೇಲೆ ಆಕಾಶದಲ್ಲಿ ಮದ್ದುಗುಂಡು ಸಾಗುತ್ತಿತ್ತು. ಗಡಿಯ ಕಾವಲು ಎಂದಾಗಲೆಲ್ಲ ನನಗೆ ಈ ಚಿತ್ರ ನೆನಪಿಗೆ ಬರುತ್ತದೆ.

ಇನ್ನು ರಜಾಕಾರರು. ಆ ಮಾತಿನ ಅರ್ಥ ಸ್ವಯಂಸೇವಕ ಎಂದು. ಮಜ್ಲಿಸ್ ಪಕ್ಷದ ಮುಂದಾಳು, ಲಾತೂರಿನ ವಕೀಲ ಕಾಸಿಂ ರಜವಿ ನಡೆಸಿದ ಖಾಸಗಿ ಪಡೆ ಅದು. ಸರಕಾರದ ಸಮವಸ್ತ್ರವಿಲ್ಲ, ಸರಕಾರದ ಹೊಣೆಯಿಲ್ಲ. ಆದರೆ ಸರಕಾರ ಕಣ್ಣು ಮುಚ್ಚಿಕೊಂಡಿತ್ತು. ದೇಶದೊಳಗಿನ ಭಯೋತ್ಪಾದನೆ ಎಂದು ಈಗ ನಾವು ಕರೆಯುವುದರ ಲಕ್ಷಣವೇ ಇದು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ನಡೆದ ಕೊಲೆಗಳನ್ನು ಆ ಸೀಮೆಯವರು ಇಂದಿಗೂ ಮರೆತಿಲ್ಲ. ಅದೇ ತಿಂಗಳ 22ರಂದು ಮದ್ರಾಸು-ಮುಂಬಯಿ ರೈಲಿನ ಮೇಲೆ ಗಾಣಗಾಪುರ ನಿಲ್ದಾಣದಲ್ಲಿ ದಾಳಿಯಾಯಿತು. ಯಾದಗಿರಿ ನಿಲ್ದಾಣವಿರುವುದು ಆ ಹಳಿಯ ಮೇಲೆಯೇ. ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳದೆ ಬಿಡಬಾರದು. ಆ ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲಿ ರಜಾಕಾರರು ಕಡಿದು ಕೊಂದದ್ದು ಷೋಯೆಬುಲ್ಲಾಖಾನ್ ಎಂಬ ಪತ್ರಿಕಾ ಸಂಪಾದಕನನ್ನು. ‘ಇಮ್ರೋಜ್’ ಎಂಬ ತನ್ನ ಉರ್ದೂ ಪತ್ರಿಕೆಯಲ್ಲಿ ಸಂಸ್ಥಾನವು ಭಾರತವನ್ನು ಸೇರಬೇಕೆಂದು ಬರೆದದ್ದೇ ಆತನ ತಪ್ಪು. ರಜಾಕಾರರ ಕತ್ತಿ ಮತವನ್ನು ಕೇಳಿ ಬೀಳುತ್ತಿತ್ತೆಂದು ಹೇಳುವವರು ಈ ಹೆಸರನ್ನು ನೆನಪಿಡಬೇಕು.

ಆ ಬೇಸಿಗೆಯಲ್ಲಿ ಜನ ಗಡಿ ದಾಟತೊಡಗಿದರು. ಈ ಕಡೆಯಿಂದ ಆ ಕಡೆಗೆ ಹಿಂದೂ ಮನೆತನಗಳು ವಿಜಾಪುರ, ಗದಗ, ಸೊಲ್ಲಾಪುರಗಳಿಗೆ ಹೋದುವು. ಅದೇ ಕಾಲಕ್ಕೆ, ದೇಶದ ಬೇರೆ ಕಡೆಗಳಲ್ಲಿ ನಡೆದ ಗಲಭೆಗಳಿಗೆ ಹೆದರಿದ ಮುಸಲ್ಮಾನ ಮನೆತನಗಳು ದೊಡ್ಡ ಸಂಖ್ಯೆಯಲ್ಲಿ ಹೈದರಾಬಾದ್ ಸಂಸ್ಥಾನದೊಳಕ್ಕೆ ಬಂದುವು. ಎರಡು ಗುಂಪಿನವರೂ ಮನೆ ಬಿಟ್ಟವರು. ಎರಡು ಗುಂಪಿನವರನ್ನೂ ಅವರು ಸೇರಿದ ಊರು ಅನುಮಾನದಿಂದಲೇ ನೋಡಿತು.

ಗಡಿಯ ಆಚೆಗೆ ಶಿಬಿರಗಳೆದ್ದುವು. ಸ್ವಾಮಿ ರಾಮಾನಂದ ತೀರ್ಥರು ಸಂಸ್ಥಾನದ ಸೆರೆಮನೆಯಲ್ಲಿದ್ದರು. ಯಾದಗಿರಿಯ ಕೊಲ್ಲೂರು ಮಲ್ಲಪ್ಪನವರಂಥ ಸ್ಟೇಟ್ ಕಾಂಗ್ರೆಸಿನ ಮುಂದಾಳುಗಳ ಮಾತಿಗೆ ಓಗೊಟ್ಟ ತರುಣರು ಗಡಿಯನ್ನು ಸೇರಿದರು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಶಿಬಿರ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಶಿಬಿರ ಹೆಸರಾದುವು. ಶಿಬಿರದವರು ರಾತ್ರಿ ಗಡಿ ದಾಟಿ ಕರೋಡಗಿರಿ ನಾಕೆಗಳನ್ನೂ ಪೊಲೀಸ್ ಠಾಣೆಗಳನ್ನೂ ಮುತ್ತುತ್ತಿದ್ದರು. ನಮಗೆ ಅವರು ಸ್ವಾತಂತ್ರ್ಯಯೋಧರು. ಹೈದರಾಬಾದ್ ಸರಕಾರದ ದೂರುಗಳಲ್ಲಿ ಅವರೇ ಗಡಿಯಿಂದ ನುಸುಳಿ ಬರುವ ದಾಳಿಕೋರರು. ಹಾಗೆಂದು ಶಿಬಿರದವನನ್ನೂ ರಜಾಕಾರನನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಸಿದ್ಧನಿಲ್ಲ. ಆದರೆ ‘ನುಸುಳಿದವನು’ ಎಂಬ ಒಂದು ಮಾತಿನಿಂದಲೇ ಮನುಷ್ಯನ ಗುಣವನ್ನು ಅಳೆಯಲು ಬರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮಗೆ ಬೇಕಿಲ್ಲ.

ನಮ್ಮ ಮನೆತನವೂ ಆ ಬೇಸಿಗೆಯಲ್ಲಿ ಹೊರಟದ್ದೇ. ಕೆಂಭಾವಿಯ ಹತ್ತಿರದ ಹಳ್ಳಿ. ಆಯಿ, ಅಂದರೆ ನನ್ನ ಅಜ್ಜಿ, ಇದನ್ನು ಹೇಳುವಾಗ ನಗುತ್ತಲೇ ಮೊದಲು ಮಾಡುತ್ತಿದ್ದಳು. ಬೆಳ್ಳಿ ದಾಟಿಸಬಾರದೆಂದು ಹುಕುಂ ಇದ್ದದ್ದರಿಂದ ತನ್ನ ಸೊಂಟಪಟ್ಟಿಯನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದಿದ್ದಳಂತೆ. ನಾಕೇದಾರ ಹಿಟ್ಟಿನಲ್ಲಿ ಕೈಯಿಟ್ಟು, ಸೊಂಟಪಟ್ಟಿಯನ್ನು ಮುಟ್ಟಿ, ಏನೂ ಅನ್ನದೆ ಕೈ ಝಾಡಿಸಿಕೊಂಡು ಹೋದನಂತೆ. “ಅವನಿಗೂ ಮಕ್ಕಳಿದ್ದವು ಕಾಣಸ್ತದ” ಎಂದು ಆಯಿಯ ವಿವರಣೆ. ಗಾಡಿ ಹೊಡೆದವನು ಊರ ನದಾಫ, ಹತ್ತಿ ಅರಳೆ ಮಾಡುವವನು. ನಮಾಜಿಗೂ ಹೋಗುತ್ತಿದ್ದ, ತಿಂಥಣಿ ಮೌನೇಶ್ವರನ ಜಾತ್ರೆಗೂ ನಡೆಯುತ್ತಿದ್ದ. ಆ ಜಾತ್ರೆಯಲ್ಲಿ ಎರಡೂ ಮತದವರು ಸೇರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಹಗಲು ಹಳ್ಳದಲ್ಲಿ ಗಾಡಿ ನಿಲ್ಲಿಸಿ, ಎರಡು ರಾತ್ರಿ ಹೊಡೆದು, ನಮ್ಮವರನ್ನು ತಾಳಿಕೋಟೆಗೆ ಮುಟ್ಟಿಸಿದ. ಏಳು ರೂಪಾಯಿ ಬಾಡಿಗೆಯಲ್ಲಿ ಅಜ್ಜ ನಾಲ್ಕು ಕೊಟ್ಟ. “ಉಳಿದದ್ದು ತಿರುಗಿ ಬಂದ ಮ್ಯಾಲೆ ಕೊಡ್ರಿ ಗೌಡ್ರ, ಎಲ್ಲಿ ಹೋಗ್ತೀರಿ” ಎಂದನಂತೆ.

ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಹೈದರಾಬಾದಿನ ಸೀಮೆಯನ್ನು ಪ್ರವೇಶಿಸಿತು. ಅದಕ್ಕೆ ಪೊಲೀಸ್ ಕಾರ್ಯಾಚರಣೆ ಎಂದು ಹೆಸರು. ನಡೆಸಿದವರು ಸೈನ್ಯದವರು, ಮುಂದಾಳು ಮೇಜರ್ ಜನರಲ್ ಚೌಧುರಿ. ಐದು ದಿನಗಳಲ್ಲಿ ಮುಗಿಯಿತು. 17ರ ಸಾಯಂಕಾಲ ನಿಜಾಮರೇ ಹೈದರಾಬಾದ್ ರೇಡಿಯೋದಲ್ಲಿ ಮಾತನಾಡಿ ಕದನ ನಿಂತಿತೆಂದು ಸಾರಿದರು. ಆಗ ಹಳ್ಳಿಗೊಂದು ರೇಡಿಯೋ ಕೂಡ ಇರಲಿಲ್ಲ. ಪಟ್ಟಣದಲ್ಲಿ ಕೇಳಿದವರು ಓಡಿಹೋಗಿ ಹೇಳಿ ಸುದ್ದಿ ಹಬ್ಬಿತು. ರಜಾಕಾರರ ಪಡೆಯ ಮೇಲೆ ನಿಷೇಧ ಬಿತ್ತು, ರಜವಿ ಸೆರೆಯಾದ. ಮುಂದೆ 1957ರಲ್ಲಿ ಬಿಡುಗಡೆ ಹೊಂದಿ ಪಾಕಿಸ್ತಾನಕ್ಕೆ ಹೋದ.

ಕಲ್ಯಾಣ ಕರ್ನಾಟಕದ ವಿಮೋಚನೆಯ ಹಬ್ಬವನ್ನು ನಾವು ಪ್ರತಿವರ್ಷ ಆ 17ರಂದು ಆಚರಿಸುತ್ತೇವೆ, ಆಚರಿಸತಕ್ಕದ್ದೇ. ಆದರೆ 17ರ ಮರುದಿನ 18 ಎಂಬುದನ್ನು ಹಬ್ಬದ ಭಾಷಣಗಳು ಮರೆಯುತ್ತವೆ. ರಜಾಕಾರರ ಮೇಲಿನ ಸಿಟ್ಟು ರಜಾಕಾರರಲ್ಲದವರ ಮೇಲೆ ತಿರುಗಿತು. ಪ್ರಧಾನಿ ನೆಹರೂ ಅವರು ಪಂಡಿತ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಇವರಿದ್ದ ಸಮಿತಿಯನ್ನು ಕಳಿಸಿದರು. ಸಮಿತಿ ಊರೂರು ತಿರುಗಿ ಕೊಟ್ಟ ವರದಿ ಬಹುಕಾಲ ಮುಚ್ಚಿದ ಕಡತದಲ್ಲಿತ್ತು. ಸಾರ್ವಜನಿಕರ ಕೈಗೆ ಬಂದದ್ದು 2013ರ ಸುಮಾರಿಗೆ. ಇಡೀ ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಎಂದು ಅದರ ಅಂದಾಜು. ಹೆಚ್ಚಿನ ಹಾನಿಯಾದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ; ಅಲ್ಲಿಯೇ ಸತ್ತವರು 18,000ಕ್ಕೆ ಕಡಿಮೆಯಿಲ್ಲವೆಂದು ಹೇಳಿದೆ. ಈ ಅಂಕಿಗಳನ್ನು ಒಪ್ಪದವರಿದ್ದಾರೆ. ಹೆಚ್ಚು ಕಡಿಮೆ ಇರಬಹುದು. ಇಲ್ಲವೆಂದು ಹೇಳಲು ಮಾತ್ರ ಸಾಧ್ಯವಿಲ್ಲ. ನಾಲ್ಕರಲ್ಲಿ ಒಂದು ನಮ್ಮ ಜಿಲ್ಲೆ.

ನಮ್ಮವರು ದೀಪಾವಳಿಯ ಮುಂಚೆ ಊರಿಗೆ ಮರಳಿದರು. ನದಾಫನ ಮನೆಯ ಮಾಳಿಗೆ ಸುಟ್ಟಿತ್ತು, ಗಾಡಿಯ ಗಾಲಿಯ ಕಬ್ಬಿಣದ ಹಳಿ ಎರಡು ಅಂಗಳದಲ್ಲಿ ಬಿದ್ದಿದ್ದವು. ಅಜ್ಜ ಊರಲ್ಲಿ ಕೇಳಿದ. “ಹೋದ್ರು” ಎಂದರು. ಎಲ್ಲಿಗೆ ಎಂದರೆ ಯಾರೂ ಹೇಳಲಿಲ್ಲ. ಹೆಂಡತಿ ಮಕ್ಕಳು ಯಾದಗಿರಿಯಲ್ಲಿ ಕಂಡರೆಂದು ಒಬ್ಬರು, ಹೈದರಾಬಾದಿಗೆ ಹೋದರೆಂದು ಇನ್ನೊಬ್ಬರು. ಉಳಿದ ಮೂರು ರೂಪಾಯಿಯನ್ನು ಅಜ್ಜ ಬಹಳ ದಿನ ದೇವರ ಜಗಲಿಯ ಮೇಲಿಟ್ಟಿದ್ದನಂತೆ. ಹಾಲಿ ನಾಣ್ಯ ನಡೆಯದ ಕಾಲ ಬಂದಿತು, ಆಗಲೂ ತೆಗೆಯಲಿಲ್ಲ. ಯಾರು ಸುಟ್ಟರೆಂದು ಆಯಿಯನ್ನು ನಾನು ಕೇಳಿದ್ದುಂಟು. “ಊರವರೇ” ಎಂದಳು, ಮುಂದೆ ಹೇಳಲಿಲ್ಲ. ನಮ್ಮ ಓಣಿಯವರಿದ್ದರೋ ಎಂದು ಕೇಳುವ ಧೈರ್ಯ ನನಗೂ ಆಗಲಿಲ್ಲ.

ಶಾಂತಿ ನೆಲೆಸಿದ ಮೇಲೆ ಬೇರೊಂದು ಪ್ರಶ್ನೆ ಎದ್ದಿತು: ಇಲ್ಲಿಯವರು ಯಾರು? ನಿಜಾಮರ ಪಡೆಗಳಲ್ಲಿ ತಲೆಮಾರುಗಳಿಂದ ಅರಬರೂ ಪಠಾಣರೂ ಇದ್ದರು. ಅವರನ್ನು ಹೊರದೇಶದವರೆಂದು ಹಿಡಿದು ಕೂಡಿಹಾಕಿ, ಹಡಗು ಹತ್ತಿಸಿ ಕಳಿಸುವ ಏರ್ಪಾಡು ಮೊದಲಾಯಿತು. ಆದರೆ ಅವರಲ್ಲಿ ಎಷ್ಟೋ ಜನ ಇಲ್ಲಿಯೇ ಹುಟ್ಟಿದವರು, ಇಲ್ಲಿಯ ತಾಯಂದಿರ ಮಕ್ಕಳು, ಇಲ್ಲಿಯ ಹೆಣ್ಣುಗಳ ಗಂಡಂದಿರು. ಯಮನದ ಯಾವ ಊರು ಎಂದು ಕೇಳಿದರೆ ಉತ್ತರ ತಿಳಿಯದವರನ್ನು ಎಲ್ಲಿಗೆ ಕಳಿಸುವುದು? ಅಧಿಕಾರಿಗಳಿಗೆ ಕೊನೆಗೆ ಒಬ್ಬೊಬ್ಬರ ಕಥೆಯನ್ನೂ ಬೇರೆ ಬೇರೆ ಕೇಳದೆ ಗತ್ಯಂತರವಾಗಲಿಲ್ಲ. ಅದು ನಿಧಾನದ ಕೆಲಸ, ಬೇಸರದ ಕೆಲಸ. ಅದರ ಬೆನ್ನಿಗೇ 1952ರಲ್ಲಿ ಮುಲ್ಕಿ ಚಳವಳಿ ಬಂತು. ಹದಿನೈದು ವರ್ಷ ಸಂಸ್ಥಾನದಲ್ಲಿ ವಾಸವಿದ್ದವನೇ ಮುಲ್ಕಿ ಎಂದು ಹಳೆಯ ನಿಯಮ. ಮದ್ರಾಸು, ಮುಂಬಯಿ ಕಡೆಯಿಂದ ಬಂದ ನೌಕರರು ಹಿಂದಿರುಗಬೇಕೆಂದು ವಾರಂಗಲ್ಲಿನಲ್ಲಿ, ಹೈದರಾಬಾದಿನಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ನಾಲ್ಕು ವರ್ಷಗಳ ಹಿಂದೆ ಬಿಡಿಸಲು ಬಂದವರೆನಿಸಿದ್ದವರೇ ಈಗ ಹೊರಗಿನವರೆನಿಸಿದರು!

ಈಗಿನ ಕಾಲಕ್ಕೆ ಬರೋಣ. ಗಡಿಯನ್ನು ಕಾಯಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. 2008ರ ನವೆಂಬರಿನಲ್ಲಿ ಕರಾಚಿಯಿಂದ ಸಮುದ್ರದ ಮೇಲೆ ಬಂದ ಹತ್ತು ಜನ ಮುಂಬಯಿಯಲ್ಲಿ 166 ಜೀವಗಳನ್ನು ತೆಗೆದರು. ಯಾದಗಿರಿ ಸೀಮೆಯ ಸಾವಿರಾರು ಜನ ಕಟ್ಟಡದ ಕೆಲಸಕ್ಕೆ ಹೋಗುವ ಊರು ಅದು. ಆ ಮೂರು ದಿನ ನಮ್ಮ ಹಳ್ಳಿಗಳಲ್ಲಿ ಫೋನು ಹಿಡಿದು ಕುಳಿತವರಿಗೆ ಕರಾವಳಿಯ ಕಾವಲಿನ ಬೆಲೆಯನ್ನು ಯಾರೂ ಕಲಿಸಬೇಕಾಗಿಲ್ಲ. ಬಾಂಗ್ಲಾದೇಶದೊಂದಿಗಿನ ನಮ್ಮ ಗಡಿ 4,096 ಕಿಲೋಮೀಟರು. ಅದರಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ಬೇಲಿಯಾಗಿದೆ. ಯಾವ ದೇಶವೂ ತನ್ನೊಳಗೆ ಬರುವವರ ಲೆಕ್ಕವನ್ನು ಇಡದೆ ಇರಲಾರದು. ಅಕ್ಕಪಕ್ಕದಲ್ಲಿ ಬಂದು ನಿಂತ ಅಪರಿಚಿತ ಯಾರೆಂದು ಕೇಳುವುದು ದ್ವೇಷವಲ್ಲ. ಕೂಲಿಯ ದರ ಇಳಿಯುತ್ತದೆಂದು ಬಡವನು ಹೆದರುವುದೂ ಸುಳ್ಳು ಹೆದರಿಕೆಯಲ್ಲ.

ಆದರೆ ಬೇಲಿ ಬಲವಾದರೆ ಒಳಗಿನ ಭಯ ಹೋಗುತ್ತದೆಂಬ ವಾದವನ್ನು ಒಪ್ಪುವುದು ಕಷ್ಟ. ಸಿಂದಗಿ ತಾಲೂಕಿನಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲಿ ಗುಂಡಿಟ್ಟು ಕೊಂದರು. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬು ಸಿಡಿಯಿತು. ಒಂದರ ಆರೋಪಿಗಳಿಗೂ ಇನ್ನೊಂದರ ಆರೋಪಿಗಳಿಗೂ ಮತದಲ್ಲಿ, ವಿಚಾರದಲ್ಲಿ ಯಾವ ನಂಟೂ ಇಲ್ಲ. ಆದರೆ ಎರಡರಲ್ಲಿಯೂ ಬಂಧಿತರಾದವರು ಈ ದೇಶದವರೇ, ಗಡಿ ದಾಟಿ ಬಂದವರಲ್ಲ. ಇಂಥವರನ್ನು ಹಿಡಿಯುವುದು ತಾಳ್ಮೆಯ ಪತ್ತೇದಾರಿಯ ಕೆಲಸ, ಊರವರು ಪೊಲೀಸರನ್ನು ನಂಬಿ ಬಾಯಿ ಬಿಟ್ಟರೆ ಆಗುವ ಕೆಲಸ. ಒಂದು ಓಣಿಯನ್ನೇ ಅಪರಾಧಿಯೆಂದು ನೋಡಿದರೆ ಆ ಓಣಿ ಬಾಯಿ ಮುಚ್ಚಿಕೊಳ್ಳುತ್ತದೆ.

ಅಕ್ರಮ ವಲಸೆಯ ಕಾನೂನು ಗಟ್ಟಿಯಾಗಿಯೇ ಇದೆ. 1946ರ ವಿದೇಶೀಯರ ಕಾಯಿದೆಯ ಸ್ಥಾನದಲ್ಲಿ 2025ರಲ್ಲಿ ಹೊಸ ಕಾಯಿದೆ ಬಂದಿದೆ. ಹಳೆಯದರಲ್ಲಿಯೂ ಹೊಸದರಲ್ಲಿಯೂ ಒಂದು ವಿಶೇಷವುಂಟು: ಕಳವಿನ ಮೊಕದ್ದಮೆಯಲ್ಲಿ ಕಳವು ಮಾಡಿದನೆಂದು ಸರಕಾರ ಸಿದ್ಧಮಾಡಬೇಕು; ಇಲ್ಲಿ ಮಾತ್ರ ತಾನು ವಿದೇಶೀಯನಲ್ಲವೆಂದು ಆ ಮನುಷ್ಯನೇ ಸಿದ್ಧಮಾಡಬೇಕು. ಇದಕ್ಕೆ ಕಾರಣವಿಲ್ಲದಿಲ್ಲ; ಹುಟ್ಟಿದೂರಿನ ವಿಷಯ ಅವನಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು. ಆದರೆ ಅಸ್ಸಾಮಿನಿಂದ ಬಂದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2024ರ ಜುಲೈಯಲ್ಲಿ ಹೇಳಿತು: ಬೀದಿಯಲ್ಲಿ ಹೋಗುವವನನ್ನು ನಿಲ್ಲಿಸಿ ನೀನು ಭಾರತೀಯನೆಂದು ತೋರಿಸು ಎನ್ನಲಾಗದು, ಅನುಮಾನಕ್ಕೆ ಏನಾದರೊಂದು ಆಧಾರ ಮೊದಲು ಅಧಿಕಾರಿಯ ಕೈಯಲ್ಲಿರಬೇಕು. ಆತ ಭಾರತೀಯನೇ ಎಂದು ತೀರ್ಪಾಗುವ ಹೊತ್ತಿಗೆ ಆತ ತೀರಿಕೊಂಡಿದ್ದ.

ಇದು ಅಸ್ಸಾಮಿನ ಮಾತಾಯಿತು, ನಮಗೇನು ಎನ್ನಬಹುದು. 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರದಲ್ಲಿ ತಗಡಿನ ಗುಡಿಸಲುಗಳನ್ನು ಯಂತ್ರ ತಂದು ಕೆಡವಿದರು. ಅಲ್ಲಿರುವವರು ಅಕ್ರಮ ಬಾಂಗ್ಲಾದೇಶೀಯರೆಂದು ಹೇಳಲಾಗಿತ್ತು. ಮನೆ ಕಳೆದುಕೊಂಡು ಬೀದಿಯಲ್ಲಿ ನಿಂತವರಲ್ಲಿ ಅಸ್ಸಾಮಿನವರಿದ್ದರು, ತ್ರಿಪುರದವರಿದ್ದರು. ಅವರೊಂದಿಗೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರು! ಕನ್ನಡ ಮಾತನಾಡುವ ಕನ್ನಡ ನಾಡಿನ ಕೂಲಿಕಾರ, ಕನ್ನಡ ನಾಡಿನ ರಾಜಧಾನಿಯಲ್ಲಿ, ಹೊರದೇಶದವರ ಲೆಕ್ಕಕ್ಕೆ ಸೇರಿದ. ಹೈಕೋರ್ಟು ಮಧ್ಯೆ ಬಂದು ತೆರವನ್ನು ತಡೆಯಿತು, ಯಾವ ಕಾನೂನಿನ ಆಧಾರದ ಮೇಲೆ ಹೀಗೆ ಮಾಡಿದಿರೆಂದು ಕೇಳಿತು. ಅಷ್ಟರಲ್ಲಿ ಗುಡಿಸಲು ಬಿದ್ದಿದ್ದವು.

ಮಳೆ ಕೈಕೊಟ್ಟ ವರ್ಷ ಶಹಾಪುರದ ಬಸ್ ನಿಲ್ದಾಣದಲ್ಲಿ ರಾತ್ರಿ ಹೊತ್ತು ನಿಂತು ನೋಡಿ. ಗೋಣಿಚೀಲ, ಪಾತ್ರೆ, ಕಂಕುಳಲ್ಲಿ ಕೂಸು. ಬೆಂಗಳೂರಿನ ಬಸ್ಸಿಗೆ ಕಾಯುವ ಮನೆತನಗಳು. ಹಿರಿಯನ ಅಂಗಿಯ ಒಳಕಿಸೆಯಲ್ಲಿ ಪ್ಲಾಸ್ಟಿಕ್ಕಿನ ಕೊಟ್ಟೆಯಲ್ಲಿ ಸುತ್ತಿದ ಕಾಗದಗಳಿರುತ್ತವೆ: ಆಧಾರ್, ಮತದಾರರ ಚೀಟಿ, ರೇಷನ್ ಕಾರ್ಡು. ಒಂದರಲ್ಲಿ ಮಲ್ಲಪ್ಪ, ಇನ್ನೊಂದರಲ್ಲಿ ಮಲ್ಲಯ್ಯ. ಹುಟ್ಟಿದ ತಾರೀಖು ಎಲ್ಲರಿಗೂ ಜನವರಿ ಅಥವಾ ಜೂನ್ 1. ತಹಶೀಲ ಕಚೇರಿಯಲ್ಲಿ ಇದನ್ನು ತಿದ್ದಿಸಲು ಎರಡು ದಿನದ ಕೂಲಿ ಹೋಗುತ್ತದೆ, ಆದ್ದರಿಂದ ಯಾರೂ ತಿದ್ದಿಸುವುದಿಲ್ಲ. ಈ ಹೆಸರುಗಳನ್ನು ಗ್ರಾಮ ಪಂಚಾಯಿತಿಯಲ್ಲಿಯೇ, ಹೊರಡುವ ಮುಂಚೆ, ಖರ್ಚಿಲ್ಲದೆ ಸರಿಮಾಡಿಕೊಡಲು ಸಾಧ್ಯ. ಗುಳೆ ಹೋಗುವವರ ಒಂದು ವಹಿಯನ್ನು ಪಂಚಾಯಿತಿ ಇಟ್ಟರೆ, ಬೆಂಗಳೂರಿನ ಠಾಣೆಯವರಿಗೆ ಅನುಮಾನ ಬಂದಾಗ ಊರಿಗೆ ಒಂದು ಫೋನು ಮಾಡಿ ಕೇಳಬಹುದು. ಅನುಮಾನ ನಿಜವಾದರೆ ಹಿಡಿಯಲಿ, ಅದಕ್ಕೆ ಕಾನೂನುಂಟು. ಫೋನು ಮಾಡುವುದು ಯಂತ್ರ ತರುವುದಕ್ಕಿಂತ ಮೊದಲು ಆಗಬೇಕು, ನನ್ನ ತಕರಾರು ಇಷ್ಟೇ.